ಬೆಕ್ಕಿನ ಆಟಿಕೆಯ ಮೋಟರ್ ಸದ್ದು ತಗ್ಗಿಸುವುದು ಹೇಗೆ?

ಗರಿಕಡ್ಡಿ
ಮನೆಯಲ್ಲೇ ಮಾಡಿದ ಆಟಿಕೆ. 3 ಮಿ.ಮೀ. ಪ್ಲೈವುಡ್‌ನ 20×20×8 ಸೆಂ.ಮೀ. ಡಬ್ಬಿ. ಒಳಗೆ ಹಳದಿ ಟಿಟಿ ಗೇರ್ ಮೋಟರ್ (1:48, ಅಂದರೆ ಒಳಗಿನ ಮೋಟರ್ 48 ಸುತ್ತಿದರೆ ಹೊರಗಿನ ಶಾಫ್ಟ್ ಒಂದು ಸುತ್ತು), ನೇರ ಮುಚ್ಚಳದ ಅಡಿಗೆ ಎರಡು ಎಂ3 ಬೋಲ್ಟ್‌ಗಳಲ್ಲಿ ಬಿಗಿದಿದ್ದು. ಮೇಲೆ ಬಂದ ಶಾಫ್ಟ್‌ಗೆ 25 ಸೆಂ.ಮೀ. ಸ್ಪ್ರಿಂಗ್ ತಂತಿ, ತುದಿಯಲ್ಲಿ ಗರಿ. ಮೋಟರ್‌ಗೆ ನಾಲ್ಕು ಎಎ ಸೆಲ್, ಎಲ್298ಎನ್ ಡ್ರೈವರ್ (ಮೋಟರಿಗೆ ಕರೆಂಟ್ ಕೊಟ್ಟು ದಿಕ್ಕು ಬದಲಿಸುವ ಬೋರ್ಡ್). ಆರ್ಡುಯಿನೊ ಊನೊ ಮೈಕ್ರೊಕಂಟ್ರೋಲರ್ ಬೋರ್ಡಿನ 5ನೇ ಪಿನ್‌ನಿಂದ ಪಿಡಬ್ಲ್ಯುಎಂ (ವೇಗ ತಗ್ಗಿಸಲು ಕರೆಂಟನ್ನು ಬೇಗ ಬೇಗ ಆನ್, ಆಫ್ ಮಾಡುವುದು), ಮೌಲ್ಯ 255ಕ್ಕೆ 150. ಕೆಲವು ಸೆಕೆಂಡಿಗೊಮ್ಮೆ ದಿಕ್ಕು ಬದಲಾಗುತ್ತದೆ.

ಸದ್ದು ಮೂರು ಥರ: ನಿಧಾನ ವೇಗದಲ್ಲಿ ಕಿವಿಗೆ ಚುಚ್ಚುವ ಕೀಂ, ಓಡುವಾಗ ಡಬ್ಬಿಯೆಲ್ಲ ಗುಂಯ್, ದಿಕ್ಕು ಬದಲಾಗುವಾಗ ಟಕ್. ಬೆಕ್ಕು ಕಿವಿ ಹಿಂದಕ್ಕೆ ಮಡಚಿ ದೂರ ಹೋಗುತ್ತದೆ. ಮೋಟರ್ ಕಾಲುಗಳ ನಡುವೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿದರೂ ಏನೂ ಬದಲಾಗಲಿಲ್ಲ. ಮೋಟರ್ ಬದಲಿಸಬೇಕೋ, ಇದನ್ನೇ ಸುಮ್ಮನಾಗಿಸಬಹುದೋ?

ಹಲ್ಲುಚಕ್ರ
ಬದಲಿಸುವ ಮುಂಚೆ ಯಾವ ಸದ್ದು ಎಲ್ಲಿಂದ ಬರುತ್ತಿದೆ ಅಂತ ಬೇರ್ಪಡಿಸಿ, ಹತ್ತು ನಿಮಿಷದ ಕೆಲಸ. ಮೋಟರನ್ನು ಡಬ್ಬಿಯಿಂದ ಬಿಚ್ಚಿ, ಡ್ರೈವರ್ ಬಿಟ್ಟು ನೇರ ಎರಡು ಸೆಲ್‌ಗೆ (3 ವೋಲ್ಟ್) ಕೊಟ್ಟು ಅಂಗೈಯಲ್ಲಿ ಹಿಡಿಯಿರಿ. ಕೀಂ ಮಾಯವಾದರೆ ಅದು ಪಿಡಬ್ಲ್ಯುಎಂನದು. ಈಗ ಓಡುತ್ತಿರುವ ಮೋಟರನ್ನು ಖಾಲಿ ಡಬ್ಬಿಯ ಮುಚ್ಚಳಕ್ಕೆ ಒತ್ತಿ. ಸದ್ದು ಒಮ್ಮೆಲೇ ಏರಿದರೆ ತಪ್ಪು ಮೋಟರಿನದಲ್ಲ, ಡಬ್ಬಿ ವೀಣೆಯ ಬುರುಡೆಯ ಕೆಲಸ ಮಾಡುತ್ತಿದೆ. ಕೈಯಲ್ಲಿದ್ದಾಗಲೂ ಕರಕರ ಅನ್ನುತ್ತಿದ್ದರೆ ಗೇರಿನದು. ಹಿಂಬದಿಯ ಮೋಟರನ್ನು ಗೇರ್‌ಪೆಟ್ಟಿಗೆಯಿಂದ ಎಳೆದು ಒಂಟಿಯಾಗಿ ಓಡಿಸಿದರೆ ಬ್ರಷ್ (ಒಳಗೆ ಕರೆಂಟ್ ಮುಟ್ಟಿಸುವ ಭಾಗ) ಮತ್ತು ಬುಷ್‌ಗಳ (ಶಾಫ್ಟ್ ತಿರುಗುವ ತೋಳು) ಪಾಲೆಷ್ಟು ಎನ್ನುವುದೂ ತಿಳಿಯುತ್ತದೆ. ಟಿಟಿ ಮೋಟರಿನಲ್ಲಿ ಈ ಪಾಲು ಸಾಮಾನ್ಯವಾಗಿ ಅತಿ ಚಿಕ್ಕದು.

ಫೋನಿನ ಡೆಸಿಬೆಲ್ ಆ್ಯಪ್ ಬಳಸುವುದಾದರೆ ಪ್ರತಿ ಸಲ ಒಂದೇ 30 ಸೆಂ.ಮೀ. ದೂರದಲ್ಲಿಟ್ಟು ವ್ಯತ್ಯಾಸ ಮಾತ್ರ ನೋಡಿ, ಅಂಕಿಯನ್ನೇ ನಂಬಬೇಡಿ. ಸ್ಪೆಕ್ಟ್ರಂ ತೋರಿಸುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ಯಾವ ಹರ್ಟ್ಸ್‌ನಲ್ಲಿ ಗೋಪುರ ಎದ್ದಿದೆ ಅಂತ ಕಂಡರೆ ಅರ್ಧ ರೋಗ ಪತ್ತೆಯಾದಂತೆ.

ಕೆಪಾಸಿಟರ್ ರೇಡಿಯೊ ಅಡಚಣೆ ತಡೆಯಲು ಇರುವುದು, ಕಿವಿಗೆ ಕೇಳುವ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. 100 ನ್ಯಾನೊ ಇದ್ದರೆ ಇರಲಿ. ದೊಡ್ಡದು ಹಾಕಿದರೆ ಮಾತ್ರ ಪ್ರತಿ ಪಲ್ಸ್‌ಗೂ ಡ್ರೈವರ್ ಅದನ್ನು ತುಂಬಿಸುತ್ತಾ ಬಿಸಿಯಾಗುತ್ತದೆ.

ತಂತಿಬೆಸುಗೆ
ಕೀಂ ಖಂಡಿತ ಪಿಡಬ್ಲ್ಯುಎಂನದು. ಊನೊದಲ್ಲಿ 5 ಮತ್ತು 6ನೇ ಪಿನ್‌ಗಳು ಸುಮಾರು 980 ಹರ್ಟ್ಸ್‌ನಲ್ಲಿ ಮಿಡಿಯುತ್ತವೆ, 3, 9, 10, 11 ಸುಮಾರು 490ರಲ್ಲಿ. ಎರಡೂ ಕಿವಿ ಚೆನ್ನಾಗಿ ಹಿಡಿಯುವ ಜಾಗ. ಪ್ರತಿ ಮಿಡಿತಕ್ಕೂ ಸುರುಳಿಯ ಕರೆಂಟ್ ಏರಿಳಿದು ರೋಟರ್ ಅಷ್ಟಷ್ಟೇ ಜಗ್ಗುತ್ತದೆ, ಆ ನಡುಕವೇ ಹಾಡಾಗಿ ಹೊರಬರುತ್ತದೆ.

ಪಿಡಬ್ಲ್ಯುಎಂ ತಂತಿಯನ್ನು 9ನೇ ಪಿನ್‌ಗೆ ಸರಿಸಿ. ಅದು ಚಿಪ್ಪಿನೊಳಗಿನ ಟೈಮರ್ 1ರ ಕೈಕೆಳಗಿದೆ. ಕೋಡಿನ ಸೆಟಪ್‌ನಲ್ಲಿ ಆ ಟೈಮರಿನ ವೇಗ ನಿರ್ಧರಿಸುವ ಟಿಸಿಸಿಆರ್1ಬಿ ರಿಜಿಸ್ಟರ್‌ನ ಕೊನೆಯ ಮೂರು ಬಿಟ್‌ಗಳನ್ನು 001 ಮಾಡಿದರೆ ಆವರ್ತನ 31,372 ಹರ್ಟ್ಸ್‌ಗೆ ಹೋಗುತ್ತದೆ, ನಮಗೆ ಕೇಳಿಸುವುದಿಲ್ಲ. ಇದನ್ನೇ 5ನೇ ಪಿನ್‌ನಲ್ಲಿ ಮಾಡಲು ಹೋಗಬೇಡಿ. ಅದು ಟೈಮರ್ 0, ಸಮಯ ಎಣಿಸುವ ಮಿಲಿಸ್ ಮತ್ತು ಡಿಲೇ ಆಜ್ಞೆಗಳೆರಡೂ ಅದನ್ನೇ ನೆಚ್ಚಿಕೊಂಡಿವೆ, ಎಲ್ಲ ಲೆಕ್ಕ ತಪ್ಪುತ್ತದೆ. ಟೈಮರ್ 1 ಮುಟ್ಟಿದರೆ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ನಡೆಸುವ ಲೈಬ್ರರಿ ಕೈಕೊಡುತ್ತದೆ ಅನ್ನುವುದೂ ನೆನಪಿರಲಿ.

ಎಲ್298ಎನ್ ಕೂಡ ತೆಗೆಯಿರಿ. ಹಳೆಯ ಬೈಪೋಲಾರ್ ಚಿಪ್, ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ, ಇಷ್ಟು ಆವರ್ತನದಲ್ಲಿ ಸೋಮಾರಿಯಾಗುತ್ತದೆ. ಡಿಆರ್‌ವಿ8833 ಅಥವಾ ಟಿಬಿ6612ಎಫ್‌ಎನ್‌ಜಿ ಸಾಕು.

ಆವರ್ತನ ಏರಿಸಿದ ಮೇಲೆ ಮೊದಲು ತಿರುಗುತ್ತಿದ್ದ ಮೌಲ್ಯದಲ್ಲಿ ಮೋಟರ್ ಏಳದೇ ಇರಬಹುದು, ಗಾಬರಿ ಬೇಡ. ನಿಧಾನ ಮಿಡಿತದ ಗುದ್ದು ಸ್ಥಿರ ಘರ್ಷಣೆಯನ್ನು ಬಿಡಿಸುತ್ತಿತ್ತು, ಈಗ ಸಮತಟ್ಟಾದ ಕರೆಂಟ್ ಸಿಗುತ್ತಿದೆ ಅಷ್ಟೆ. ಹೊರಡುವಾಗ 40 ಮಿಲಿಸೆಕೆಂಡ್ ಪೂರ್ತಿ 255 ಕೊಟ್ಟು ಆಮೇಲೆ ಬೇಕಾದ ಮೌಲ್ಯಕ್ಕೆ ಇಳಿಸಿ.

ಮಾರ್ಜಾಲಕಿವಿ
ನಮಗೆ ಕೇಳಿಸುವುದಿಲ್ಲ, ಸರಿ. ಬೆಕ್ಕಿಗೆ? ಅದರ ಶ್ರವಣ ಸುಮಾರು 48 ಹರ್ಟ್ಸ್‌ನಿಂದ 85 ಕಿಲೋಹರ್ಟ್ಸ್‌ವರೆಗೆ ಹರಡಿದೆ. ಮನುಷ್ಯನದು 20 ಕಿಲೋಹರ್ಟ್ಸ್‌ಗೇ ಮುಗಿಯುತ್ತದೆ. 31 ಕಿಲೋಹರ್ಟ್ಸ್ ಅಂದರೆ ಬೆಕ್ಕಿನ ಕಿವಿಯ ವ್ಯಾಪ್ತಿಯ ಒಳಗೇ ಇದೆ. ಸದ್ದನ್ನು ನಾವು ತೆಗೆದಿಲ್ಲ, ನಮ್ಮಿಂದ ಮರೆಮಾಡಿ ಬೆಕ್ಕಿಗೆ ಬಿಟ್ಟಿದ್ದೇವೆ. ಫೋನಿನ ಆ್ಯಪ್ ಇದನ್ನು ತೋರಿಸುವುದಿಲ್ಲ, ಸಾಮಾನ್ಯ 48 ಕಿಲೋಹರ್ಟ್ಸ್ ರೆಕಾರ್ಡಿಂಗ್‌ನಲ್ಲಿ 24ರ ಮೇಲಿನದು ದಾಖಲಾಗುವುದೇ ಇಲ್ಲ.

ಹಾಗಂತ 31 ಕಿಲೋಹರ್ಟ್ಸ್ ಅಂದರೆ ಬೆಕ್ಕಿಗೆ ಹಿಂಸೆ ಎಂದೂ ಅಲ್ಲ. ಅಷ್ಟು ಮೇಲಿನ ಆವರ್ತನದಲ್ಲಿ ಸುರುಳಿಯ ಕರೆಂಟ್ ಅಲೆ ಚಿಕ್ಕದು, ಪ್ಲೈವುಡ್ ಆ ಸದ್ದನ್ನು ಹೊರಬಿಡುವುದೂ ಕಡಿಮೆ. ಆದರೆ ಇಲ್ಲ ಅಂತ ಊಹಿಸಬೇಡಿ, ಪರೀಕ್ಷಿಸಿ. ಮೋಟರ್ ಏಳದಷ್ಟು ಕಡಿಮೆ ಮೌಲ್ಯ, ಉದಾಹರಣೆಗೆ 20, ಕೊಟ್ಟು ಗರಿ ತೆಗೆದು ಡಬ್ಬಿಯನ್ನು ಬೆಕ್ಕು ಓಡಾಡುವಲ್ಲಿ ಇಡಿ. ನಿಂತಿರುವ ಡಬ್ಬಿಯ ಕಡೆ ಕಿವಿ ಪದೇ ಪದೇ ತಿರುಗಿದರೆ, ಅಥವಾ ಸುತ್ತು ಹಾಕಿ ಹೋದರೆ, ಅದಕ್ಕೆ ಕೇಳಿಸುತ್ತಿದೆ.

ತಂತಿಬೆಸುಗೆ
ಒಪ್ಪಿದೆ. ಹಾಗಿದ್ದರೆ ಪಿಡಬ್ಲ್ಯುಎಂ ಅನ್ನೇ ಬಿಟ್ಟುಬಿಡೋಣ. ಈ ಆಟಿಕೆಗೆ ಒಂದೇ ವೇಗ ಸಾಕಲ್ಲ?

ಮೂರು ಎನ್‌ಐಎಂಎಚ್ (ಮತ್ತೆ ಚಾರ್ಜ್ ಮಾಡಬಹುದಾದ) ಸೆಲ್ ಅಂದರೆ 3.6 ವೋಲ್ಟ್. ಡಿಆರ್‌ವಿ8833ಗೆ ಕನಿಷ್ಠ 2.7 ಬೇಕು, ಸೆಲ್ ಇಳಿದು 3.0 ಆದಾಗಲೂ ನಡೆಯುತ್ತದೆ. ಎರಡೇ ಸೆಲ್ ಹಾಕಿದರೆ ನಡೆಯುವುದಿಲ್ಲ. ಅದರ ಎರಡು ಇನ್‌ಪುಟ್‌ಗಳಲ್ಲಿ ಒಂದನ್ನು ಹೈ, ಇನ್ನೊಂದನ್ನು ಲೋ ಇಟ್ಟು, ಅದಲುಬದಲು ಮಾಡಿ ದಿಕ್ಕು ಬದಲಿಸಿ, ಮಿಡಿತವೇ ಇಲ್ಲ. 3.6 ಜಾಸ್ತಿ ಅನಿಸಿದರೆ ಮೋಟರಿನ ಒಂದು ತಂತಿಯಲ್ಲಿ ಎರಡು 1ಎನ್4007 ಡಯೋಡ್‌ಗಳನ್ನು ಎದುರುಬದುರಾಗಿ ಸಮಾನಾಂತರ ಹಾಕಿ. ಯಾವ ದಿಕ್ಕಿಗೆ ಕರೆಂಟ್ ಹರಿದರೂ ಒಂದು ಡಯೋಡ್ ತೆರೆದಿರುತ್ತದೆ, ಸುಮಾರು 0.7 ವೋಲ್ಟ್ ಇಳಿಯುತ್ತದೆ. ಇಂಥ ಎರಡು ಜೋಡಿ ಸಾಲಾಗಿ ಹಾಕಿದರೆ ಮೋಟರ್‌ಗೆ 2.2ರ ಆಸುಪಾಸು. ಗರಿಯಷ್ಟು ಹಗುರ ಹೊರೆಗೆ ಸಾಮಾನ್ಯವಾಗಿ ಸಾಕು, ಏಳದಿದ್ದರೆ ಒಂದು ಜೋಡಿ ತೆಗೆದರಾಯಿತು.

ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಹಾಕುವವರಿಗೆ: ಎಲ್‌ಎಂ2596 150 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ, ಬೆಕ್ಕಿನ ಕಿವಿಗೂ ಆಚೆ. ಆದರೆ ಒಳಬರುವ ವೋಲ್ಟೇಜ್ ಕನಿಷ್ಠ 4.5 ಇರಬೇಕು. ನಾಲ್ಕು ಎನ್‌ಐಎಂಎಚ್ ಸೆಲ್ ಸೇರಿ 4.8 ಅಷ್ಟೆ, ಸೆಲ್ ಇಳಿದಂತೆ ಅದರ ಕೆಳಗೆ ಬರುತ್ತವೆ. ಕೆಲವು ಬೇರೆ ಕನ್ವರ್ಟರ್‌ಗಳು ಹೊರೆ ತೀರಾ ಕಡಿಮೆಯಾದಾಗ ಪಲ್ಸ್ ಬಿಟ್ಟು ಬಿಟ್ಟು ಕೊಡುತ್ತವೆ. ಆಗ ಮೆಗಾಹರ್ಟ್ಸ್ ಲೆಕ್ಕದ ಕನ್ವರ್ಟರ್ ಕೂಡ ಕೇಳುವ ಆವರ್ತನಕ್ಕೆ ಇಳಿದು, ಸೆರಾಮಿಕ್ ಕೆಪಾಸಿಟರ್ ಸಣ್ಣಗೆ ಕಿರುಗುಟ್ಟುತ್ತದೆ.

ಹಲ್ಲುಚಕ್ರ
ಈಗ ಗೇರ್. ಟಿಟಿ ಮೋಟರ್ 6 ವೋಲ್ಟ್‌ಗೆ ಹೊರೆಯಿಲ್ಲದೆ ಸುಮಾರು 200 ಸುತ್ತು ನಿಮಿಷಕ್ಕೆ. ಒಳಗಿನ ಪುಟ್ಟ ಮೋಟರ್ ಅದರ 48 ಪಟ್ಟು, ಅಂದರೆ 9600, ಸೆಕೆಂಡಿಗೆ 160. ಮೋಟರ್ ಶಾಫ್ಟ್‌ನ ಪುಟ್ಟ ಗೇರಿಗೆ 8 ಹಲ್ಲಿದ್ದರೆ ಹಲ್ಲಿಗೆ ಹಲ್ಲು ತಾಗುವ ಸದ್ದು 160×8 = 1280 ಹರ್ಟ್ಸ್. ವೋಲ್ಟೇಜ್ ಅರ್ಧಕ್ಕಿಳಿಸಿದರೆ 640. ಬರೀ ಆವರ್ತನ ಇಳಿಯುವುದಲ್ಲ, ಹಲ್ಲು ಹಲ್ಲಿಗೆ ಬಡಿಯುವ ಬಿರುಸೂ ಇಳಿಯುತ್ತದೆ. ಇಡೀ ಚರ್ಚೆಯಲ್ಲಿ ಒಂದೇ ಬದಲಾವಣೆ ಮಾಡುವುದಾದರೆ ಇದನ್ನೇ ಮಾಡಿ.

ಇಲ್ಲೇ ಬಹಳ ಜನ ಎಡವುತ್ತಾರೆ. ನಿಧಾನ ಬೇಕು ಅಂತ 1:120 ಗೇರಿನದು ತರುತ್ತಾರೆ. ಹೊರಗಿನ ಅದೇ ವೇಗಕ್ಕೆ ಒಳಗಿನ ಮೋಟರ್ ಎರಡೂವರೆ ಪಟ್ಟು ಜೋರಾಗಿ ಓಡಬೇಕು, ಸದ್ದು ಹೆಚ್ಚೇ ಆಗುತ್ತದೆ. ಎನ್20 ಎಂಬ ಪುಟ್ಟ ಗೇರ್ ಮೋಟರ್ ಇನ್ನೂ ಕಷ್ಟ, ನೋಡಲು ಚಂದ, ಆದರೆ ಬರಿಯ ಲೋಹದ ಹಲ್ಲುಗಳು, ತೆರೆದ ಗೇರ್, ಕರ್ರ್ ಅನ್ನುವ ತೀಕ್ಷ್ಣ ಸದ್ದು. ಸದ್ದಿನ ಮಟ್ಟಿಗೆ ಪ್ಲಾಸ್ಟಿಕ್ ಗೇರೇ ಮೇಲು.

ಗ್ರೀಸ್: ಪೆಟ್ಟಿಗೆಯ ಉದ್ದನೆಯ ಸ್ಕ್ರೂ ಬಿಚ್ಚಿ, ಮುಚ್ಚಳ ಮೇಲೆ ಮಾಡಿ ನಿಧಾನ ಎತ್ತಿ. ಗೇರ್‌ಗಳ ಕ್ರಮದ ಫೋಟೊ ತೆಗೆದಿಟ್ಟುಕೊಳ್ಳಿ. ಹಲ್ಲುಗಳಲ್ಲಿ ಅಚ್ಚಿನ ಅಂಚು ಉಳಿದಿದ್ದರೆ ಬ್ಲೇಡ್ ತುದಿಯಿಂದ ಸವರಿ ತೆಗೆಯಿರಿ, ಒಂದೇ ಒಂದು ಅಂಚು ಪ್ರತಿ ಸುತ್ತಿಗೂ ಟಿಕ್ ಅನ್ನಿಸುತ್ತದೆ. ಪ್ಲಾಸ್ಟಿಕ್‌ಗೆ ಒಗ್ಗುವ, ಪಿಟಿಎಫ್‌ಇ (ಟೆಫ್ಲಾನ್) ಬೆರೆತ ಸಿಲಿಕೋನ್ ಗ್ರೀಸ್ ಅಥವಾ ಸಿಂಥೆಟಿಕ್ ಡ್ಯಾಂಪಿಂಗ್ ಗ್ರೀಸ್ ತೆಗೆದುಕೊಂಡು ಎಲ್ಲ ಗೇರಿಗೂ ಸೇರಿ 0.2 ಗ್ರಾಂ ಮೀರದಂತೆ ಹಲ್ಲಿನ ಮುಖಕ್ಕೆ ಸವರಿ. ತುಂಬಿದರೆ ಅಷ್ಟೂ ಅಂಚಿಗೆ ಎರಚಿಕೊಂಡು ಮೋಟರ್‌ಗೆ ಹೊರೆಯಾಗುತ್ತದೆ. ತೀರಾ ಗಟ್ಟಿ ಡ್ಯಾಂಪಿಂಗ್ ಗ್ರೀಸ್ ಇದ್ದರೆ 2 ವೋಲ್ಟ್‌ಗೆ ಮೋಟರ್ ಏಳುವುದೇ ಇಲ್ಲ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆ ಬೇಡ, ಇದ್ದ ಗ್ರೀಸನ್ನು ತೊಳೆದು ತಾನೂ ಆರಿಹೋಗುತ್ತದೆ, ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡಿಸುತ್ತದೆ.

ಟಕ್ ಸದ್ದು ಗೇರಿನ ಸಡಿಲದ್ದು. ಮೋಟರ್ ನಿಂತರೂ ತಂತಿಯ ಓಟ ನಿಂತಿರುವುದಿಲ್ಲ, ಅದು ಹಲ್ಲುಗಳನ್ನು ಹಿಂದಿನಿಂದ ತಳ್ಳಿ ಎದುರು ಮುಖಕ್ಕೆ ಬಡಿಸುತ್ತದೆ. ಶಾಫ್ಟ್ ಮತ್ತು ಮುಚ್ಚಳದ ನಡುವೆ 2 ಮಿ.ಮೀ. ದಪ್ಪದ ಫೆಲ್ಟ್ ವಾಷರ್ ಹಾಕಿ, ಮೇಲಿನ ಕಾಲರ್‌ನಿಂದ ಸ್ವಲ್ಪವೇ ಅದುಮಿ. ಆ ಸಣ್ಣ ಎಳೆತ ಹಲ್ಲುಗಳನ್ನು ಒಂದೇ ಮುಖಕ್ಕೆ ಒರಗಿಸಿಟ್ಟಿರುತ್ತದೆ. ಜೊತೆಗೆ ಕೋಡ್‌ನಲ್ಲಿ ನೇರ ಹಿಂದುಮುಂದು ಮಾಡದೆ ನಡುವೆ 400 ಮಿಲಿಸೆಕೆಂಡ್ ಎರಡೂ ಇನ್‌ಪುಟ್ ಲೋ ಇಡಿ, ಮೋಟರ್ ತಾನಾಗಿ ನಿಲ್ಲಲಿ. ಎರಡೂ ಹೈ ಮಾಡಿದರೆ ಬ್ರೇಕ್ ಬಿದ್ದು ಟಕ್ ಇನ್ನೂ ಜೋರು.

ಪೆಟ್ಟಿಗೆಕೆಲಸ
ಗುಂಯ್ ಬಗ್ಗೆ. 3 ಮಿ.ಮೀ. ಪ್ಲೈನ ಅಗಲ ಮುಚ್ಚಳದ ನಡುಮಧ್ಯೆ ಮೋಟರ್ ಬಿಗಿಯುವುದೆಂದರೆ ಸ್ಪೀಕರ್ ಕಟ್ಟಿದ ಹಾಗೇ ಆಯಿತು. ಮೊದಲು ಅದನ್ನು ಮುಚ್ಚಳದಿಂದ ತೆಗೆದು ತಳಕ್ಕೆ ತನ್ನಿ, ಮೂಲೆಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಹಲಗೆ ಬಾಗುವುದು ಕಡಿಮೆ.

ನಡುವೆ ರಬ್ಬರ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಮೆತ್ತಗಿನದು ಅಂತ ಯಾರೂ ಹೇಳುವುದಿಲ್ಲ. ಲೆಕ್ಕ ಸುಲಭ. ಮೋಟರಿನ ಭಾರಕ್ಕೆ ಮೆತ್ತೆ ಎಷ್ಟು ಮಿ.ಮೀ. ಕುಗ್ಗುತ್ತದೋ ಅದರ ವರ್ಗಮೂಲದಿಂದ 15.8 ಭಾಗಿಸಿ, ಬಂದದ್ದು ಆ ಜೋಡಣೆಯ ಸಹಜ ಆವರ್ತನ, ಅಂದರೆ ತಟ್ಟಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎನ್ನುವುದು. ನಡುಕದ ಆವರ್ತನ ಇದರ 1.41 ಪಟ್ಟು ಮೀರಿದರೆ ಮಾತ್ರ ತಡೆ ಶುರು, ಅದಕ್ಕಿಂತ ಕೆಳಗಿದ್ದರೆ ರಬ್ಬರ್ ನಡುಕವನ್ನು ಹೆಚ್ಚಿಸುತ್ತದೆ! 3 ವೋಲ್ಟ್‌ನಲ್ಲಿ ಒಳಗಿನ ಮೋಟರ್ ಸೆಕೆಂಡಿಗೆ 80 ಸುತ್ತು. ಹಾಗಾಗಿ ಸಹಜ ಆವರ್ತನ 56ರ ಕೆಳಗೆ ಬೇಕು, ಕನಿಷ್ಠ 0.08 ಮಿ.ಮೀ. ಕುಗ್ಗಬೇಕು. ಅಲುಗಾಡುವ ರಬ್ಬರ್ ನಿಂತ ರಬ್ಬರಿಗಿಂತ ಗಡುಸಾಗಿ ವರ್ತಿಸುವುದರಿಂದ 0.3ರಿಂದ 0.5 ಇಟ್ಟುಕೊಳ್ಳಿ. 30 ಗ್ರಾಂ ಮೋಟರ್ ಕಾರಿನ ಭಾಗದಂಥ ಗಟ್ಟಿ ಗ್ರೊಮೆಟ್ಟನ್ನು (ಬೋಲ್ಟ್ ರಂಧ್ರಕ್ಕೆ ತೊಡಿಸುವ ರಬ್ಬರ್ ಬಳೆ) ಕುಗ್ಗಿಸುವುದೇ ಇಲ್ಲ, ಅದಕ್ಕೇ ಬಹಳ ಜನರಿಗೆ ರಬ್ಬರ್ ಹಾಕಿದರೂ ಫಲ ಕಾಣುವುದಿಲ್ಲ.

ಉಪಾಯ ಎರಡು. ಮೋಟರನ್ನು 90 ಗ್ರಾಂ ತೂಗುವ ಉಕ್ಕಿನ ಪಟ್ಟಿಗೆ ಬಿಗಿಯಿರಿ. ಒಟ್ಟು ಭಾರ ನಾಲ್ಕು ಪಟ್ಟಾದರೆ ಸಹಜ ಆವರ್ತನ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಪಟ್ಟಿಯ ನಾಲ್ಕು ಮೂಲೆಗೆ 10 ಮಿ.ಮೀ. ಎತ್ತರದ ಮೆತ್ತನೆ ಸಿಲಿಕೋನ್ ಫೋಮ್ ತುಂಡು. ಗಡಸುತನ ಶೋರ್ ಎ ಅಳತೆಯಲ್ಲಿ 20–30 ಇರುವ ಸಿಲಿಕೋನ್ ಆದರೆ ತುಂಡು 5×5 ಮಿ.ಮೀ.ಗಿಂತ ಅಗಲ ಬೇಡ, ಅಗಲ ಹೆಚ್ಚಿದಷ್ಟೂ ಗಡುಸು.

ಮೆತ್ತೆ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಎಲ್ಲೋ ಕಳ್ಳದಾರಿ ಇದೆ. ಬೋಲ್ಟ್ ಗ್ರೊಮೆಟ್‌ನ ಒಳಗೋಡೆ ಬಿಟ್ಟು ಹಲಗೆಗೆ ತಾಗುತ್ತಿರುತ್ತದೆ, ಬೋಲ್ಟನ್ನು ರಬ್ಬರ್ ಚಪ್ಪಟೆಯಾಗುವಷ್ಟು ಬಿಗಿದಿರುತ್ತಾರೆ, ಅಥವಾ ದಪ್ಪ ಒಂಟಿ ಎಳೆ ತಂತಿ ಬಿಗಿಯಾಗಿ ಗೋಡೆಗೆ ಅಂಟಿರುತ್ತದೆ. ಬಹು ಎಳೆಯ ತೆಳು ತಂತಿ ಹಾಕಿ ಒಂದು ಸುತ್ತು ಸಡಿಲ ಬಿಡಿ. ಗ್ಲೂ ಗನ್ ಅಂಟು ಮೆತ್ತಗಿದೆ ಅನಿಸಿದರೂ ಈ ಕೆಲಸಕ್ಕೆ ಕಲ್ಲು.

ಅತಿ ದೊಡ್ಡ ಕಳ್ಳದಾರಿ ಶಾಫ್ಟ್. ಮೋಟರ್ ಮೆತ್ತೆಯ ಮೇಲೆ ತೇಲುತ್ತಾ ಶಾಫ್ಟ್ ಮುಚ್ಚಳದ ರಂಧ್ರಕ್ಕೆ ಉಜ್ಜುತ್ತಿದ್ದರೆ ಎಲ್ಲ ವ್ಯರ್ಥ. ಮುಚ್ಚಳದಲ್ಲಿ ಬೇರೆಯದೇ 5 ಮಿ.ಮೀ. ಶಾಫ್ಟ್ ನಿಲ್ಲಿಸಿ, ಮೋಟರಿಗೂ ಅದಕ್ಕೂ ನಡುವೆ 30 ಮಿ.ಮೀ. ಉದ್ದದ ಸಿಲಿಕೋನ್ ಕೊಳವೆ ತೊಡಿಸಿ. ತಂತಿಯ ಎಳೆತ, ಬೆಕ್ಕಿನ ಹೊಡೆತ ಎಲ್ಲ ಈ ಶಾಫ್ಟ್‌ಗೆ, ಗೇರಿಗಲ್ಲ. ಹಲ್ಲುಚಕ್ರ ಹೇಳಿದ ಫೆಲ್ಟ್ ವಾಷರ್ ಕೂಡ ಇದರ ಮೇಲೇ ಬರಲಿ. 625 ಬಾಲ್ ಬೇರಿಂಗ್ ಅಳತೆಗೆ ಸರಿಹೊಂದುತ್ತದೆ, ಆದರೆ ಈ ವೇಗಕ್ಕೆ ನನ್ನ ಆಯ್ಕೆ ಎಣ್ಣೆ ಹೀರಿದ ಕಂಚಿನ ಬುಷ್. ಒಣ ಬಾಲ್ ಬೇರಿಂಗ್ ಸಣ್ಣಗೆ ಗಲಗಲ ಅನ್ನುತ್ತದೆ.

ಗರಿಕಡ್ಡಿ
ಪರೀಕ್ಷಿಸಿದೆ. ಕೈಯಲ್ಲಿ ಹಿಡಿದಾಗ ಮೆಲ್ಲನೆಯ ಕರಕರ ಮಾತ್ರ, ಮುಚ್ಚಳಕ್ಕೆ ಒತ್ತಿದ ಕೂಡಲೇ ಗುಂಯ್. ಕೀಂ ನೇರ ಸೆಲ್‌ನಲ್ಲಿ ಪೂರ್ತಿ ಹೋಯಿತು. ಎರಡು ಪ್ರಶ್ನೆ: ಡಬ್ಬಿಯೊಳಗೆ ಪೂರ್ತಿ ಫೋಮ್ ತುಂಬಬಹುದೇ? ಕೊಳವೆ ಜೋಡಣೆಯಲ್ಲಿ ಬೆಕ್ಕು ತಂತಿ ಹಿಡಿದು ನಿಲ್ಲಿಸಿದರೆ ಏನಾಗುತ್ತದೆ?

ಪೆಟ್ಟಿಗೆಕೆಲಸ
ತುಂಬಬೇಡಿ, ಅದುಮಿದ ಫೋಮೇ ಮೋಟರಿನಿಂದ ಗೋಡೆಗೆ ಇನ್ನೊಂದು ದಾರಿ. ಗೋಡೆಗಳ ಒಳಮೈಗೆ 10 ಮಿ.ಮೀ. ತೆರೆದ ರಂಧ್ರದ ಫೋಮ್, ಮೋಟರಿನ ಸುತ್ತ 15 ಮಿ.ಮೀ. ಜಾಗ. ಇದು ಮೇಲಿನ ಆವರ್ತನದ ಕರಕರವನ್ನು ಹೀರುತ್ತದೆ, ಗುಂಯ್‌ಗೆ ಇದರಿಂದ ಏನೂ ಆಗದು. ಗುಂಯ್‌ಗೆ ಬೇಕಾದ್ದು ಭಾರ: ಮುಚ್ಚಳದ ಒಳಮೈಯ ನಡುಭಾಗಕ್ಕೆ, ಅರ್ಧ ವಿಸ್ತೀರ್ಣದಷ್ಟಾದರೂ, ಕಾರಿನ ಬಾಗಿಲಿಗೆ ಹಾಕುವ 2 ಮಿ.ಮೀ. ಬ್ಯೂಟೈಲ್ ಹಾಳೆ. ಮುಚ್ಚಳ ಕೂರುವ ಅಂಚಿಗೆ ತೆಳು ಫೋಮ್ ಟೇಪ್ ಹಾಕಿದರೆ ಸಂದಿಯಿಂದ ಸೋರುವುದೂ ತಪ್ಪುತ್ತದೆ, ಹಲಗೆ ಹಲಗೆಗೆ ಬಡಿಯುವುದೂ. ಅಡಿಗೆ ಮೆತ್ತನೆ ಕಾಲು ಬೇಕೇ ಬೇಕು, ಇಲ್ಲದಿದ್ದರೆ ಗಟ್ಟಿ ನೆಲವೋ ಮೇಜೋ ದನಿಗೂಡಿಸುತ್ತದೆ.

ತಂತಿಬೆಸುಗೆ
ಬೆಕ್ಕು ಹಿಡಿದರೆ ಕೊಳವೆ ಮೊದಲು ತಿರುಚಿಕೊಳ್ಳುತ್ತದೆ, ಆಮೇಲೆ ಶಾಫ್ಟ್ ಮೇಲೆ ಜಾರುತ್ತದೆ. ಅದೇ ನಮಗೆ ಬೇಕಾದ ಕ್ಲಚ್, ಕ್ಲಿಪ್ ಹಾಕಿ ಬಿಗಿಯಬೇಡಿ. ಜಾರದೇ ನಿಂತುಬಿಟ್ಟರೆ ಮೋಟರ್ ಎಂದಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ, ಅದಕ್ಕೆ ಸೆಲ್‌ನ ತಂತಿಯಲ್ಲಿ 0.5 ಆಂಪಿಯರ್‌ನ ತಾನಾಗಿ ಮರಳುವ ಪಾಲಿಫ್ಯೂಸ್ ಇರಲಿ.

ಹಂತಹಂತ
ಬೇರೆ ಮೋಟರ್ ಬಗ್ಗೆ ಯಾರೂ ಹೇಳಲಿಲ್ಲ. 28ಬಿವೈಜೆ-48 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್), ಯುಎಲ್‌ಎನ್2003 ಡ್ರೈವರ್ ಬೋರ್ಡ್ ಜೊತೆ ನಿಮಿಷಕ್ಕೆ 10 ಸುತ್ತಿನವರೆಗೆ ಸಾಕಷ್ಟು ಮೃದು. ಹಾಫ್ ಸ್ಟೆಪ್‌ನಲ್ಲಿ (ಅರ್ಧರ್ಧ ಹೆಜ್ಜೆ ಇಡಿಸುವ ವಿಧಾನ) ಒಂದು ಸುತ್ತಿಗೆ 4096 ಹೆಜ್ಜೆ, 10 ಸುತ್ತಿಗೆ ಸೆಕೆಂಡಿಗೆ 683 ಹೆಜ್ಜೆ, ಆ 683 ಹರ್ಟ್ಸ್‌ನ ಸಣ್ಣ ಗುನುಗು ಉಳಿಯುತ್ತದೆ. ಗರಿ ನೆಲದ ಮೇಲೆ ಸರಿದಾಡಲು ಈ ವೇಗ ಸಾಕು, ಗಾಳಿಯಲ್ಲಿ ಬೀಸಲು ಸಾಲದು. ನಿಂತಾಗ ನಾಲ್ಕೂ ಕಾಯಿಲ್ ಆಫ್ ಮಾಡಿ, ಇಲ್ಲವಾದರೆ ಸುಮ್ಮನೆ ಬಿಸಿಯಾಗುತ್ತದೆ.

ನಿಜವಾಗಿ ಸದ್ದಿಲ್ಲ ಅನಿಸುವುದು ನೇಮಾ 17 ಸ್ಟೆಪ್ಪರ್ ಮತ್ತು ಟಿಎಂಸಿ2209 ಡ್ರೈವರ್, ಅದರ ಸ್ಟೆಲ್ತ್‌ಚಾಪ್ ಎಂಬ ಸದ್ದು ತಗ್ಗಿಸುವ ವಿಧಾನದಲ್ಲಿ. ಗೇರೇ ಇಲ್ಲ, ಹೆಜ್ಜೆಯನ್ನು 256 ಭಾಗ ಮಾಡಿ ಸವರುತ್ತದೆ. ಕರೆಂಟ್ 0.4 ಆಂಪಿಯರ್ ಸಾಕು, ಜಾಸ್ತಿ ಕೊಟ್ಟಷ್ಟೂ ಸದ್ದು. ಬೆಲೆ, ತೂಕ, ಬ್ಯಾಟರಿ ಮೂರೂ ಹೆಚ್ಚು ಬೇಡುತ್ತದೆ. ಗರಿ ಕುಣಿಸಲು ಇಷ್ಟೆಲ್ಲ ಅತಿಯಾಯಿತು ಅನ್ನುವವರ ಮಾತೂ ಸರಿಯೇ.

ಮಾರ್ಜಾಲಕಿವಿ
ಸ್ಟೆಲ್ತ್‌ಚಾಪ್ ಕೂಡ ಒಳಗೆ ಮಿಡಿಯುವುದೇ. 12 ಮೆಗಾಹರ್ಟ್ಸ್ ಗಡಿಯಾರದಲ್ಲಿ ಆಯ್ಕೆಗೆ ತಕ್ಕಂತೆ 23.4, 35.1, 46.9 ಅಥವಾ 58.5 ಕಿಲೋಹರ್ಟ್ಸ್, ನಾಲ್ಕೂ ಬೆಕ್ಕಿನ ವ್ಯಾಪ್ತಿಯಲ್ಲೇ. ನಿಂತ ಡಬ್ಬಿಯ ಪರೀಕ್ಷೆ ಇದಕ್ಕೂ ಮಾಡಿ.

ಪುಟ್ಟಸರ್ವೊ
ಎಸ್‌ಜಿ90 ಸರ್ವೊದಿಂದ ತಂತಿ ಅಲ್ಲಾಡಿಸುವ ಆಟಿಕೆಗೂ ಇದೇ ಉಪಾಯಗಳು ನಡೆಯುತ್ತವೆಯೇ? ನಿಂತಾಗಲೂ ಜುಂ ಅನ್ನುತ್ತಿರುತ್ತದೆ.

ಹಂತಹಂತ
ಮೆತ್ತೆ, ಡಬ್ಬಿ ಎಲ್ಲ ಅದೇ. ಜುಂ ಬರುವುದು ತಂತಿಯ ಭಾರ ಕೊಂಬನ್ನು (ಸರ್ವೊ ಶಾಫ್ಟ್‌ಗೆ ಹಾಕಿದ ತೋಳು) ಕೆಳಗೆ ಜಗ್ಗಿ, ಸರ್ವೊ ಅದನ್ನು ಮತ್ತೆ ಮತ್ತೆ ಸರಿಪಡಿಸುವುದರಿಂದ. ಕೊಂಬಿನ ಇನ್ನೊಂದು ತುದಿಗೆ ಒಂದೆರಡು ನಟ್ ಕಟ್ಟಿ ಭಾರ ಸರಿದೂಗಿಸಿ, ಗುರಿ ಮುಟ್ಟಿದ 200 ಮಿಲಿಸೆಕೆಂಡ್ ಬಳಿಕ ಕೋಡ್‌ನಲ್ಲಿ ಡಿಟ್ಯಾಚ್ ಮಾಡಿ (ಸರ್ವೊಗೆ ಹೋಗುವ ಸಿಗ್ನಲ್ ನಿಲ್ಲಿಸಿ). ಚಲನೆಯನ್ನು ಒಂದೇ ಜಿಗಿತಕ್ಕೆ ಬಿಡದೆ 20 ಮಿಲಿಸೆಕೆಂಡಿಗೆ 10–15 ಮೈಕ್ರೊಸೆಕೆಂಡ್‌ನಂತೆ ಪಲ್ಸ್ ಅಗಲ ಬದಲಿಸಿ. ಲೋಹದ ಗೇರಿನ ಎಂಜಿ90ಎಸ್ ಗಟ್ಟಿ ಹೌದು, ಸದ್ದೂ ಹೆಚ್ಚು.

ಮಾರ್ಜಾಲಕಿವಿ
ಮೇಲೆ ಹೇಳಿದ ಫೋಮ್, ಸಿಲಿಕೋನ್, ಫೆಲ್ಟ್ ಇವೆಲ್ಲ ಬೆಕ್ಕು ಕಿತ್ತು ನುಂಗಬಲ್ಲ ವಸ್ತುಗಳು. ಹೊರಗೆ ಕಾಣುವ ಕಡೆ ಒಂದೂ ಇರಬಾರದು. ಅಡಿಗಾಲುಗಳನ್ನು ಅಂಟಿಸುವುದಕ್ಕಿಂತ ವಾಷರ್ ಹಾಕಿ ಸ್ಕ್ರೂ ಮಾಡಿ, ಮುಚ್ಚಳಕ್ಕೆ ನಾಲ್ಕೂ ಮೂಲೆಯಲ್ಲಿ ಸ್ಕ್ರೂ ಇರಲಿ. ರಬ್ಬರ್ ಬ್ಯಾಂಡ್ ಬೆಲ್ಟ್ ಮಾಡುವವರು ಇನ್ನೂ ಎಚ್ಚರ: ಉದ್ದನೆ ಎಳೆ ಕರುಳಿಗೆ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಗ್ರೀಸ್ ಶಾಫ್ಟ್‌ನ ಮೇಲೆ ಹತ್ತಿ ಬರದಂತೆ ಕಾಲರ್ ಕೆಳಗಿನ ಭಾಗ ಒರೆಸಿಡಿ, ಬೆಕ್ಕು ನೆಕ್ಕುವುದು ಮೊದಲು ಅಲ್ಲೇ.

ಎಲ್ಲ ಸದ್ದೂ ಶತ್ರುವಲ್ಲ. ಗರಿ ನೆಲಕ್ಕೆ ತಾಗಿ ಸರಸರ ಅನ್ನುವುದೇ ಬೆಕ್ಕನ್ನು ಕರೆಯುವ ಸದ್ದು, ತಂತಿ ಎತ್ತರ ಏರಿಸಿ ಅದನ್ನೂ ಅಡಗಿಸಬೇಡಿ.

ಗರಿಕಡ್ಡಿ
ಮೋಟರ್ ತಳಕ್ಕೆ ಇಳಿಸಿ, ಉಕ್ಕಿನ ಪಟ್ಟಿ, ಫೋಮ್, ಕೊಳವೆ ಹಾಕಿದೆ. ಮೂರು ಸೆಲ್, ಎರಡು ಜೋಡಿ ಡಯೋಡ್. ಗುಂಯ್ ಬಹುತೇಕ ಇಲ್ಲ. ಹೊರಡುವಾಗ ಮಾತ್ರ ಅರೆಕ್ಷಣ ಇಡೀ ಮೋಟರ್ ನಡುಗಿ ಫೋಮ್ ಮೇಲೆ ವಾಲುತ್ತದೆ.

ಪೆಟ್ಟಿಗೆಕೆಲಸ
ವೇಗ ಏರುವಾಗ ಆ ಸಹಜ ಆವರ್ತನವನ್ನು ದಾಟಿ ಹೋಗಲೇಬೇಕು, ಆ ನಡುಕ ಅದರದ್ದು. ವಾಲುವುದು ಮಾತ್ರ ತಿರುಚು ಬಲದಿಂದ. ನಾಲ್ಕು ಫೋಮ್ ತುಂಡುಗಳನ್ನು ಹತ್ತಿರ ಗುಂಪಾಗಿಡದೆ ಶಾಫ್ಟ್‌ನಿಂದ ಆದಷ್ಟು ದೂರಕ್ಕೆ, ಪಟ್ಟಿಯ ತುತ್ತತುದಿಗೆ ಸರಿಸಿ. ಎತ್ತರ ಹಾಗೇ ಇರಲಿ. ಆಮೇಲೂ ವಾಲಿದರೆ ಪಟ್ಟಿಯ ಎರಡು ಬದಿಗೆ, 2 ಮಿ.ಮೀ. ಬಿಟ್ಟು, ಫೆಲ್ಟ್ ಮೆತ್ತಿದ ಪುಟ್ಟ ಮರದ ತಡೆ ನಿಲ್ಲಿಸಿ. ಓಡುವಾಗ ತಾಗಬಾರದು, ಹೊರಡುವಾಗ ಮಾತ್ರ ತಾಗಬೇಕು. ಸಂದಿಯಲ್ಲಿ ಕಾಗದದ ಪಟ್ಟಿ ಇಟ್ಟು ಓಡಿಸಿ ನೋಡಿ, ಅದು ಸಲೀಸಾಗಿ ಹೊರಗೆ ಎಳೆಯಲು ಬಂದರೆ ಅಂತರ ಸರಿಯಾಗಿದೆ.